ಮಸಾರಿ ಹೊಲದ ಬೇಲಿ

ತೊಗರಿ ಗಿಡ ಸಣ್ಣದಿರುವಾಗ ಸತ್ತರೆ ಯಾರೂ ಅಳುವುದಿಲ್ಲ. ಹುಳ ಕಡಿಯಿತು, ಕಳೆ ತೆಗೆಯುವವಳ ಕೈ ತಪ್ಪಿತು ಎಂದು ಮುಂದಿನ ಸಾಲಿಗೆ ಹೋಗುತ್ತಾರೆ. ನೆಟೆ ರೋಗಕ್ಕೆ ಅಷ್ಟು ದಯೆಯೂ ಇಲ್ಲ. ಅದು ಗಿಡವನ್ನು ಆಳೆತ್ತರ ಬೆಳೆಯಲು ಬಿಡುತ್ತದೆ, ಹೂ ಬಿಡಲು ಬಿಡುತ್ತದೆ, ಕಾಯಿ ಹಿಡಿಯುವುದನ್ನು ನೋಡಿ ಮನೆಯವರೆಲ್ಲ ಮನಸ್ಸಿನಲ್ಲೇ ಮಂಡಿಗೆ ತಿನ್ನುವವರೆಗೂ ಕಾಯುತ್ತದೆ. ಆಮೇಲೆ ಒಂದು ಬೆಳಿಗ್ಗೆ ಹೋಗಿ ನೋಡಿದರೆ ಎಲೆಗಳು ಜೋತುಬಿದ್ದಿರುತ್ತವೆ. ಬುಡದ ಮಣ್ಣು ಮುಟ್ಟಿದರೆ ಹಸಿಯಾಗಿಯೇ ಇರುತ್ತದೆ. ಕಾಲ ಕೆಳಗೆ ನೀರಿದ್ದೂ ಬಾಯಾರಿ ಸಾಯುವ ಗಿಡ ಅದು. ನಾನು ಸೊಸೆಯಾಗಿ ಯಾದಗಿರಿಯ ಕಡೆ ಹೋದ ವರ್ಷ ನಮ್ಮ ಹೊಲದಲ್ಲಿ ಆದದ್ದು ಇದೇ.

ನಾನು ತಿಂಥಣಿಯವಳು, ಕೃಷ್ಣೆಯ ದಂಡೆಯಲ್ಲಿ ಹುಟ್ಟಿದವಳು. ಅಪ್ಪ ಹೊಳೆಗೆ ಬಲೆಯನ್ನೂ ಹಾಕುತ್ತಿದ್ದ, ಇದ್ದಷ್ಟು ಹೊಲವನ್ನೂ ಉಳುತ್ತಿದ್ದ. ನೀರು ಕೊಟ್ಟರೆ ಮೀನು, ನೆಲ ಕೊಟ್ಟರೆ ಜೋಳ, ಎರಡೂ ಕೊಡದಿದ್ದರೆ ನಮಗೆಲ್ಲ ಬೈಗುಳ. ಅಪ್ಪ ಹೋದ ಮೇಲೆ ಹೊಲ ಅಣ್ಣನಿಗೆ ಬಂತು, ನನಗೆ ಗಂಡ ಬಂದ. ಸುರಪುರ, ಶಹಾಪುರ ದಾಟಿ ಮುದನಾಳದ ಹತ್ತಿರದ ಒಂದು ಊರಿನಲ್ಲಿ ಅವನ ಮನೆ. ಮನೆಯಲ್ಲಿ ಇದ್ದವರು ಗಂಡ, ಅತ್ತೆ, ಎರಡು ಎತ್ತು. ಎತ್ತುಗಳಿಗೆ ನನ್ನ ಮೇಲೆ ದ್ವೇಷವಿರಲಿಲ್ಲ.

ಹೊಲ ಎರಡು. ಕೆಳಗಿನದು ಎರೆ, ಹಳ್ಳದ ದಂಡೆಗಿತ್ತು. ಕಪ್ಪು ಮಣ್ಣು. ಮಳೆ ಬಂದರೆ ಉಬ್ಬಿ ನೀರನ್ನು ಹಿಡಿದುಕೊಂಡು ಕೂರುವುದು, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುವುದು. ಮೇಲಿನದು ಮಸಾರಿ. ಕೆಂಪಗೆ, ಮರಳು ಮರಳಾಗಿ, ಬಿದ್ದ ನೀರನ್ನು ಬಿದ್ದ ಹಾಗೇ ಇಳಿಸಿಬಿಡುವ ನೆಲ. ಈ ಎರಡರ ಗುಣವೂ ಅತ್ತೆಗೆ ಬಾಯಿಪಾಠ. ಮುಷ್ಟಿ ಮಣ್ಣು ಹಿಸುಕಿ ನೋಡಿ, ಉಂಡೆ ಕಟ್ಟಿದರೆ ಬಿತ್ತುವುದು ಬೇಡ, ಉದುರಿದರೆ ಕೂರಿಗೆ ಹೂಡು ಎನ್ನುವಳು. ಆಕೆ ದಡ್ಡಿಯಲ್ಲ. ದಡ್ಡಿಯಾಗಿದ್ದರೆ ನನಗೆ ಇಷ್ಟು ಸಿಟ್ಟು ಇರುತ್ತಲೇ ಇರಲಿಲ್ಲ. ಹುಚ್ಚುನಾಯಿ ಕಚ್ಚಿದರೆ ಮದ್ದು ತೆಗೆದುಕೊಂಡು ಸುಮ್ಮನಾಗುತ್ತೇವೆ, ಅದರ ಮೇಲೆ ಹಗೆ ಸಾಧಿಸುವವರು ಯಾರು?

ಹಿಂದೆಲ್ಲ ಎರೆ ಹೊಲದಲ್ಲಿ ಜೋಳದ ಸಾಲುಗಳ ನಡುವೆ ಒಂದೊಂದು ತೊಗರಿ ಸಾಲು ಹಾಕುತ್ತಿದ್ದರಂತೆ. ಆಮೇಲೆ ತೊಗರಿಗೆ ಬೆಲೆ ಬಂತು. ಜೋಳಕ್ಕಾದರೆ ಹಕ್ಕಿ ಕಾಯಬೇಕು, ಕೊಯ್ಯಲು ಆಳು ಹುಡುಕಬೇಕು. ಆ ಕಷ್ಟ ಯಾಕೆ ಎಂದು ವರ್ಷ ವರ್ಷವೂ ಅದೇ ನೆಲಕ್ಕೆ ಬರೀ ತೊಗರಿ ಹಾಕತೊಡಗಿದರು. ನಾನು ಬರುವುದಕ್ಕೆ ಮುಂಚೆಯೇ ಹಳ್ಳದ ಮೂಲೆಯಲ್ಲಿ ಒಂದಿಷ್ಟು ಗಿಡ ಒಣಗಿದ್ದವಂತೆ. ಇದನ್ನು ಗಂಡ ಬಾಯಿ ತಪ್ಪಿ ಹೇಳಿದ್ದು ಎಷ್ಟೋ ವರ್ಷದ ಮೇಲೆ. ಆಗ ಹೇಳಿದ್ದರೆ ಅವನ ಗಂಟೇನೂ ಹೋಗುತ್ತಿರಲಿಲ್ಲ.

ನನ್ನ ಮದುವೆಯಾದ ವರ್ಷ ಮಳೆ ಮೈಮುರಿದು ಹೊಯ್ದಿತು. ಎರೆ ಹೊಲದ ತಗ್ಗಿನಲ್ಲಿ ನೀರು ನಿಂತು, ಕಾಲಿಟ್ಟರೆ ಮೊಣಕಾಲಿನವರೆಗೂ ಕೆಸರು. ತೊಗರಿ ಹೂವಿಗೆ ಬಂದಾಗ ಆ ತಗ್ಗಿನಿಂದಲೇ ಸಾವು ಶುರುವಾಯಿತು. ಮೊದಲು ಅಲ್ಲೊಂದು ಇಲ್ಲೊಂದು. ಎಳ್ಳಮಾಸಿ ಬರುವ ಹೊತ್ತಿಗೆ ಹಸಿರು ಹೊಲದ ನಡುವೆ ಯಾರೋ ಕಾದ ಹಂಚು ಇಟ್ಟು ತೆಗೆದ ಹಾಗೆ ದೊಡ್ಡ ದೊಡ್ಡ ಕಂದು ಜಾಗಗಳು.

ನಮ್ಮ ಕಡೆ ಎಳ್ಳು ಅಮಾವಾಸ್ಯೆಗೆ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಸಜ್ಜೆ ರೊಟ್ಟಿ, ಭಜ್ಜಿ, ಹೋಳಿಗೆ, ಅಂಬಲಿ ಕಟ್ಟಿಕೊಂಡು ಊರೇ ಹೊಲಕ್ಕೆ ಹೋಗುತ್ತದೆ. ಮೊದಲ ತುತ್ತು ನೆಲಕ್ಕೆ. ಅಡುಗೆಯನ್ನೆಲ್ಲ ಕಲಸಿ ಹೊಲದ ಸುತ್ತ ಚೆಲ್ಲುತ್ತಾ ಹೋಗುತ್ತಾರೆ, ಅದಕ್ಕೆ ಚರಗ ಎನ್ನುತ್ತಾರೆ. ಹೊಸ ಸೊಸೆಯ ಕೈಯಲ್ಲಿ ಚೆಲ್ಲಿಸುವುದು ಆ ಮನೆಯ ಪದ್ಧತಿ. ಮಾಡಿದ್ದೆಲ್ಲ ನನ್ನ ಕೈಯ ಅಡುಗೆ. ನಾನು ಬುಟ್ಟಿ ಎತ್ತಿಕೊಂಡು ಬದುವು ದಾಟುವಷ್ಟರಲ್ಲಿ ಅತ್ತೆ ಬಂದು ಬುಟ್ಟಿ ಹಿಡಿದಳು.

"ಇಲ್ಲಿ ತಾ ಅದನ್ನ. ನೀ ಚೆಲ್ಲೂದು ಬ್ಯಾಡ. ಕಾಲಿಟ್ಟಿದ್ದಕ್ಕೇ ಇಷ್ಟ ಆಗ್ಯಾದ, ಇನ್ನ ಕೈ ಹಚ್ಚಿದ್ರ ಏನ ಉಳೀತದ?"

ಪಕ್ಕದ ಹೊಲದವರೆಲ್ಲ ನಮ್ಮ ಬನ್ನಿಗಿಡದ ಬುಡದಲ್ಲೇ ಕೂತಿದ್ದರು. ಎಲ್ಲರಿಗೂ ಕೇಳಿಸುವಂತೆಯೇ ಹೇಳಿದ್ದು ಅದು.

"ನಾ ಏನ ಮಾಡೀನ್ರಿ ಅತ್ತಿ?" ಅಂದೆ.

"ನೀ ಏನೂ ಮಾಡಬೇಕಾಗಿಲ್ಲ. ಹೊಳಿ ದಂಡಿಯಾಕಿ, ಬರೂವಾಗ ನೀರು ಸೆರಗಿಗಿ ಕಟ್ಕೊಂಡ ಬಂದಿ. ಇಂಥಾ ಮಳಿ ನನ್ನ ಜನ್ಮದಾಗ ನೋಡಿದ್ದಿಲ್ಲ. ಹೋಗು, ಬದುವಿನ ಮ್ಯಾಗ ಕೂಡು."

ಯಾರೋ ನಕ್ಕರು. ಗಂಡನ ಕಡೆ ನೋಡಿದೆ. ಅವನು ರೊಟ್ಟಿ ಮುರಿದು ಭಜ್ಜಿಗೆ ಅದ್ದುತ್ತಿದ್ದ, ಅದರಲ್ಲಿ ಬಹಳ ಕೆಲಸವಿರುವವನ ಹಾಗೆ. ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ. ನನ್ನ ಪಾಲಿಗೆ ಗಾದೆಯೂ ತಿರುಗಿ ನಿಂತಿತ್ತು. ಡೊಂಕಿದ್ದದ್ದು ನೆಲವೇ, ಬೈಗುಳ ತಿಂದವಳು ನಾನು. ಅವತ್ತು ನನ್ನ ಕೈಯಡುಗೆಯನ್ನು ಎಲ್ಲರೂ ಬೆರಳು ಚೀಪಿಕೊಂಡು ತಿಂದರು.

ಒಣಗಿದ ಗಿಡಗಳನ್ನು ಏನು ಮಾಡುವುದು ಎಂಬ ಮಾತು ಅಲ್ಲೇ ಬಂತು. ಬೇರೆಯವರಾಗಿದ್ದರೆ ಕುಡುಗೋಲಿನಿಂದ ಕೊಯ್ದು ಒಲೆಗೆ ಹಾಕುತ್ತಿದ್ದರು. ಅತ್ತೆಗೆ ಬೇರೆ ಯೋಚನೆ ಇತ್ತು. ಮಸಾರಿ ಹೊಲದ ಪಕ್ಕದಲ್ಲೇ ಕುರಿಯವರು ಹಿಂಡು ಹೊಡೆದುಕೊಂಡು ಹೋಗುವ ದಾರಿ. ಪ್ರತಿ ವರ್ಷವೂ ಕುರಿ ಒಳಗೆ ನುಗ್ಗುತ್ತಿದ್ದವು. ಅಲ್ಲಿಗೊಂದು ಬೇಲಿಯೂ ಆಗಬೇಕು, ನನಗೊಂದು ಶಿಕ್ಷೆಯೂ ಆಗಬೇಕು. ಒಂದೇ ಕಲ್ಲಿಗೆ ಎರಡು ಹಣ್ಣು.

"ತಂದಾಕೀನೇ ಹೊರಬೇಕು," ಅಂದಳು. "ಬೇರು ಸಮೇತ ಕಿತ್ತು, ಮಸಾರಿಗಿ ಹೊತ್ಕೊಂಡ ಹೋಗಿ, ಸುತ್ತ ನಡು. ಮನೀಗಿ ಬಂದ ಪೀಡಾ ನಿನ್ನ ತಲಿ ಮ್ಯಾಲೇ ಹೋಗ್ಲಿ."

ಆಗ ನನ್ನ ಹೊಟ್ಟೆಯಲ್ಲಿ ಕೂಸಿತ್ತು. ಎದ್ದರೆ ವಾಂತಿ, ಬಗ್ಗಿದರೆ ಕಣ್ಣು ಕತ್ತಲೆ. ಒಣಗಿದ ತೊಗರಿಯನ್ನು ಹಸಿ ಎರೆಯಿಂದ ಕೀಳುವುದೆಂದರೆ ಹಲ್ಲು ಕೀಳುವುದೇ. ಎರಡೂ ಕೈಯಿಂದ ಹಿಡಿದು ಹಿಂದಕ್ಕೆ ಜಗ್ಗಿದರೆ ಬೇರಿನ ಜೊತೆ ತೆಂಗಿನಕಾಯಿ ಗಾತ್ರದ ಕರಿಮಣ್ಣು ಎದ್ದುಬರುತ್ತಿತ್ತು. ಕೊಡವಿದರೂ ಬಿಡುತ್ತಿರಲಿಲ್ಲ. ಹೊರೆ ಕಟ್ಟಿ, ತಲೆಗೆ ಸಿಂಬಿ ಇಟ್ಟು, ಏರು ಹತ್ತಿ ಮಸಾರಿಗೆ ಒಯ್ಯುತ್ತಿದ್ದೆ. ಅಲ್ಲಿ ಸುತ್ತಲೂ ಕಾಲುವೆ ತೋಡಿ, ಗಿಡಗಳನ್ನು ಬೇರು ಕೆಳಗೆ ಮಾಡಿ ನಿಲ್ಲಿಸಿ ಮಣ್ಣು ಎಳೆಯುತ್ತಿದ್ದೆ. ಬೇರಿದ್ದರೆ ಗಾಳಿಗೆ ಅಲುಗುವುದಿಲ್ಲ ಎಂದು ಅತ್ತೆಯೇ ನಿಂತು ಹೇಳಿಕೊಟ್ಟಳು. ಕೆಂಪು ನೆಲದಲ್ಲಿ ಕಪ್ಪು ಮಣ್ಣಿನ ಉಂಡೆಗಳು ಸಾಲಾಗಿ ಕೂತವು.

ಬೇಲಿ ಮುಗಿದ ದಿನ ಆಕೆ ಸುತ್ತಲೂ ನಡೆದು, ಕೈಯಿಂದ ಅಲುಗಾಡಿಸಿ ನೋಡಿ, "ಚಂದ ಆಗ್ಯಾದ," ಅಂದಳು. ಆ ಮನೆಯಲ್ಲಿ ನನಗೆ ಸಿಕ್ಕ ಹೊಗಳಿಕೆ ಅದೊಂದೇ. ನಾಚಿಕೆಯಿಲ್ಲದೆ ಹೇಳುತ್ತೇನೆ, ಅದನ್ನು ಕೇಳಿ ನನಗೆ ಹೊಟ್ಟೆ ತುಂಬಿದಷ್ಟು ಖುಷಿಯಾಯಿತು.

ಹೆರಿಗೆಗೆ ತಿಂಥಣಿಗೆ ಬಂದೆ. ಹೆಣ್ಣು ಕೂಸು. ದಸರೆ ಕಳೆದ ಮೇಲೆ ಕೂಸನ್ನು ಎತ್ತಿಕೊಂಡು ತಿರುಗಿ ಹೋದಾಗ ಅತ್ತೆ ಬಾಗಿಲಲ್ಲೇ ಅದನ್ನು ನನ್ನ ಕೈಯಿಂದ ಇಸಿದುಕೊಂಡಳು. ಹೆಣ್ಣಾಯಿತೆಂದು ಒಂದು ಮಾತು ಆಡಲಿಲ್ಲ. ಎಣ್ಣೆ ಹಚ್ಚಿ ಎರೆಯುವಳು, ಧೂಪ ಹಾಕುವಳು, ಎದೆಯ ಮೇಲೆ ಮಲಗಿಸಿಕೊಂಡು ಲಾಲಿ ಹಾಡುವಳು. ನನ್ನನ್ನು ನಾಯಿಯಂತೆ ಕಂಡ ಆ ಕೈಗಳಲ್ಲಿ ಅಷ್ಟು ಮೆತ್ತನೆಯ ಪ್ರೀತಿ ಇತ್ತು. ಅದು ನಾಟಕವಾಗಿರಲಿಲ್ಲ. ನಾಟಕವಾಗಿದ್ದರೆ ಚೆನ್ನಾಗಿತ್ತು.

ಅಷ್ಟರಲ್ಲಿ ಬೇಲಿ ಅರ್ಧ ಮುರಿದಿತ್ತು. ಬೇಸಿಗೆಯ ಗಾಳಿ ಒಂದಿಷ್ಟು ಕೆಡವಿತ್ತು, ಕುರಿ ಒಂದಿಷ್ಟು ತುಳಿದಿದ್ದವು. ಆರಿಸಿ ತೆಗೆಯುವವರು ಯಾರು ಎಂದು ಗಂಡ ಅದರ ಮೇಲೆಯೇ ಕುಂಟೆ ಹೊಡೆದು, ಮುರಿದ ಬೇರು ಬುಡವನ್ನೆಲ್ಲ ಮಣ್ಣಿಗೆ ಸೇರಿಸಿದ್ದ. ಎರೆಯಲ್ಲಿ ತೊಗರಿ ಸತ್ತಿತಲ್ಲ, ನೀರು ನಿಲ್ಲದ ಮಸಾರಿಯಲ್ಲಿ ಹೇಗೂ ಬರುತ್ತದೆ ಎಂದು ಆ ವರ್ಷ ಅಲ್ಲಿಯೂ ತೊಗರಿ ಬಿತ್ತಿದ್ದರು.

ಹೂವಿಗೆ ಬಂದಾಗ ಮಸಾರಿಯ ತೊಗರಿಯೂ ಒಣಗಿತು. ಒಣಗಿದ ರೀತಿ ನೋಡಬೇಕಿತ್ತು. ಸೀರೆಗೆ ಅಂಚು ಇರುವ ಹಾಗೆ ಹೊಲದ ಸುತ್ತ ಒಂದು ಕಂದು ಪಟ್ಟಿ, ನಡುವೆ ಎಲ್ಲ ಹಸಿರು. ಬೇಲಿ ಎಲ್ಲಿತ್ತೋ ಸರಿಯಾಗಿ ಅಲ್ಲೇ. ಒಂದು ಸಲ ನೆಲ ಅಗೆದು ನೋಡಿದ್ದರೆ ಕಪ್ಪು ಉಂಡೆಗಳು, ಕೊಳೆತ ಬೇರುಗಳು ಕೈಗೆ ಸಿಗುತ್ತಿದ್ದವು. ಅಗೆಯುವುದು ಯಾರಿಗೂ ಬೇಕಿರಲಿಲ್ಲ. ಅತ್ತೆ ಊರಿನ ನಾಲ್ಕು ಹೆಂಗಸರನ್ನು ಕರೆದುಕೊಂಡು ಹೋಗಿ ತೋರಿಸಿದಳು.

"ನೋಡ್ರಿ, ಈಕಿ ಹೊರೆ ಹೊತ್ಕೊಂಡು ಎಲ್ಲೆಲ್ಲಿ ಅಡ್ಡಾಡ್ಯಾಳ ಅಲ್ಲೆಲ್ಲ ಸುಟ್ಟಾದ. ನಡಕ ಕಾಲಿಟ್ಟಿಲ್ಲ, ನಡಕ ಏನೂ ಆಗಿಲ್ಲ. ನಾ ಸುಳ್ಳ ಹೇಳಾಕತ್ತೀನೇನ? ಕಣ್ಣ ಅದಾವಲ್ಲ ನಿಮಗ?"

ಕಣ್ಣಿದ್ದವು, ನೋಡಿದರು, ಹೌದು ಎಂದರು. ನನಗೂ ಕಣ್ಣಿದ್ದವು. ಆ ಒಣಗಿದ ಪಟ್ಟಿ ನೋಡಿ ಮೊದಲು ನನಗೆ ಒಳಗೊಳಗೇ ಸಂತೋಷವಾಯಿತು. ಸಾಯಲಿ, ಒಂದೂ ಕಾಯಿ ಉಳಿಯದ ಹಾಗೆ ಸಾಯಲಿ, ಇವಳ ಸಾರಿಗೆ ಬೇಳೆಯೇ ಇಲ್ಲದಿರಲಿ ಎಂದುಕೊಂಡೆ. ಮರುಕ್ಷಣ ಹೆದರಿಕೆ ಹೊಕ್ಕಿತು. ಆಕೆ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ನಾನು ನಡೆದಲ್ಲೆಲ್ಲ ಗಿಡ ಸತ್ತಿದ್ದವು. ಅವತ್ತು ಮನೆಗೆ ಬಂದು ಕೂಸನ್ನು ಎತ್ತಿಕೊಳ್ಳದೆ ತೊಟ್ಟಿಲಲ್ಲೇ ಬಿಟ್ಟೆ.

ನನ್ನನ್ನು ತವರಿಗೆ ಕಳಿಸುವುದೆಂದು ಅತ್ತೆ ತೀರ್ಮಾನ ಮಾಡಿದಳು. ಕೂಸು ಆಗ ಗೋಡೆ ಹಿಡಿದು ನಿಲ್ಲುತ್ತಿತ್ತು.

"ಕೂಸು ಇಲ್ಲೇ ಇರ್ತದ," ಅಂದಳು. "ಹೊಲಾ ಕೆಡಿಸಿದಿ, ನಮ್ಮ ಕೂಸಿನ್ನೂ ಕೆಡಸ್ತಿ ಏನ?"

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡು ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಹೊಳೆದಂಡೆಯವರಿಗೆ ಬೈಗುಳಕ್ಕೆ ಬರವಿಲ್ಲ. ಅತ್ತೆ ಕೂಸಿನ ಕಿವಿ ಮುಚ್ಚಿ ಒಳಗೆ ಹೋದಳು. ಗಂಡ ನನ್ನ ಚೀಲ ಎತ್ತಿಕೊಂಡ. ಬಸ್ಸಿನ ಹತ್ತಿರ ಬಂದಾಗ ಅವನು ಬಾಯಿ ಬಿಟ್ಟ.

"ತೊಗರಿ ತಿರುಗಿ ಬರ್ಲಿ. ಬಂದ ವರ್ಷ ನಾನೇ ಬಂದು ಕರ್ಕೊಂಡ ಹೋಗ್ತೀನಿ. ಅಲ್ಲೀಮಟ ಕೂಸು ಅವ್ವನ ಹತ್ರ ಇರ್ಲಿ."

"ಬರ್ಲಿಲ್ಲಂದ್ರ?"

"ಬರ್ತದ ತಗೋ," ಅಂದ. ಅವನಿಗೆ ಎಲ್ಲವೂ ತಾನಾಗಿಯೇ ಬರಬೇಕು.

ಶಹಾಪುರ ಮುಟ್ಟುವ ಹೊತ್ತಿಗೆ ನನ್ನ ಕುಪ್ಪಸ ಹಾಲಿನಿಂದ ಒದ್ದೆಯಾಗಿತ್ತು. ಪಕ್ಕದಲ್ಲಿ ಕೂತ ಹೆಂಗಸು ನೋಡಿ, ಕೂಸೆಲ್ಲಿ ತಂಗೀ ಎಂದು ಕೇಳಿದಳು. ಸತ್ತುಹೋಯಿತು ಎಂದೆ. ನಿಜ ಹೇಳಿದ್ದರೆ ಸುರಪುರದವರೆಗೂ ಆಕೆಯ ಪ್ರಶ್ನೆಗಳಿಗೆ ಉತ್ತರ ಕೊಡಬೇಕಿತ್ತು. ಆಕೆ ನನ್ನ ಬೆನ್ನು ಸವರುತ್ತಾ ಕೂತಳು.

ಹೀಗೆ ನನ್ನ ಮಗಳು ತೊಗರಿಗೆ ಅಡವಾದಳು. ಗಿಡ ಬದುಕಿದರೆ ಮಗಳು ಸಿಗುತ್ತಾಳೆ, ಸತ್ತರೆ ಇಲ್ಲ. ಊರಿನಲ್ಲಿ ಕೂತು ದೇವರಿಗೆ ಕೈ ಮುಗಿದೆ, ಹರಕೆ ಹೊತ್ತೆ, ಕಂಡವರ ಹತ್ತಿಕಾಯಿ ಬಿಡಿಸಲು ಕೂಲಿಗೆ ಹೋದೆ. ಅಣ್ಣನ ಹೊಲಕ್ಕೆ ಮಾತ್ರ ಕಾಲಿಡಲಿಲ್ಲ. ಅವನು ಕರೆದರೂ ಏನೋ ನೆವ ಹೇಳಿ ತಪ್ಪಿಸಿಕೊಂಡೆ. ನನ್ನ ಕಾಲಿನ ಮೇಲೆ ನನಗೇ ನಂಬಿಕೆ ಹೋಗಿತ್ತು.

ಮರುವರ್ಷ ಒಂದು ಸಂಜೆ ಅಣ್ಣ ಹೊಲದಿಂದ ಬಂದವನೇ ತಲೆಗೆ ಸುತ್ತಿದ್ದ ಪಟಗ ತೆಗೆದು ನೆಲಕ್ಕೆ ಬಡಿದ.

"ಹೂ ಬಿಟ್ಟ ತೊಗರಿ ನಿಂತಲ್ಲೇ ಒಣಗಾಕತ್ಯಾದ. ನೆಲ ಹಸಿ ಅದ, ಹುಳಾ ಇಲ್ಲ, ಏನೂ ಇಲ್ಲ. ಯಾವ ಪೀಡಾ ಬಡೀತೋ ಏನೋ."

ನಾನು ಕೈಯಲ್ಲಿದ್ದ ಮೊರ ಬಿಟ್ಟು ಎದ್ದೆ. "ಅಣ್ಣಾ, ನಾ ನಿನ್ನ ಹೊಲಕ್ಕ ಬಂದೇ ಇಲ್ಲಲ್ಲಾ? ಒಂದ ಸಲಾನೂ ಬಂದಿಲ್ಲ, ಹೌದಿಲ್ಲೋ?"

"ಇಲ್ಲ," ಅಂದ. ನಾನು ಚಪ್ಪಾಳೆ ಹೊಡೆದು ನಕ್ಕೆ. ಅಣ್ಣನ ವರ್ಷದ ಅನ್ನ ಒಣಗುತ್ತಿತ್ತು, ನಾನು ಅಂಗಳದಲ್ಲಿ ನಿಂತು ನಗುತ್ತಿದ್ದೆ. ನನಗೆ ಅಷ್ಟು ಸುಖ ಕೊಟ್ಟ ಸುದ್ದಿ ಅದರ ಮುಂಚೆಯೂ ಬಂದಿರಲಿಲ್ಲ, ಆಮೇಲೂ ಬರಲಿಲ್ಲ. ತಂಗಿಗೆ ತಲೆ ಕೆಟ್ಟಿತು ಎಂದು ಅಣ್ಣ ನೀರು ತಂದುಕೊಟ್ಟ.

ಅವನೇ ಕೃಷಿ ಇಲಾಖೆಯ ಮೇಡಂ ಒಬ್ಬರನ್ನು ಹೊಲಕ್ಕೆ ಕರೆತಂದ. ವಯಸ್ಸಿನಲ್ಲಿ ನನಗಿಂತ ಸಣ್ಣವರು, ಮಾತು ದಕ್ಷಿಣದ ಕಡೆಯದು. ನಾನೂ ಜೊತೆಗೆ ಹೋದೆ, ಧೈರ್ಯವಾಗಿ, ಬರಿಗಾಲಿನಲ್ಲಿ. ಮೇಡಂ ಒಂದು ಗಿಡ ಕಿತ್ತು, ಕಾಂಡವನ್ನು ಚಾಕುವಿನಿಂದ ಉದ್ದಕ್ಕೆ ಸೀಳಿ ತೋರಿಸಿದರು. ಒಳಗೆ ಬೆಳ್ಳಗಿರಬೇಕಾದ ತಿರುಳಿನಲ್ಲಿ ಕಂದು ಗೆರೆಗಳು ಬುಡದಿಂದ ಮೇಲಕ್ಕೆ ಹೋಗಿದ್ದವು.

"ನೀರು ಹೋಗುವ ದಾರಿ ಇದು. ಇದರೊಳಗೆ ಬೂಷ್ಟು ಬೆಳೆದು ಕಟ್ಟಿಕೊಂಡಿದೆ. ಅದಕ್ಕೇ ನೀರಿದ್ದರೂ ಗಿಡಕ್ಕೆ ಸಿಗುತ್ತಿಲ್ಲ," ಅಂದರು.

ನಾನು ಅವರ ಬೆನ್ನು ಬಿಡಲಿಲ್ಲ. ಗಂಡನ ಊರಿನ ಎರಡೂ ಹೊಲದ ಕಥೆ ಹೇಳಿ, ಕೇಳಿದ್ದನ್ನೇ ಕೇಳಿದೆ. ಈ ಬೂಷ್ಟು ಇರುವುದು ಗಾಳಿಯಲ್ಲಲ್ಲ, ಮಣ್ಣಿನಲ್ಲಿ. ಸತ್ತ ಗಿಡದ ಬೇರಿನಲ್ಲಿ ವರ್ಷಗಟ್ಟಲೆ ಉಸಿರು ಹಿಡಿದುಕೊಂಡು ಕೂತಿರುತ್ತದೆ. ವರ್ಷ ವರ್ಷವೂ ತೊಗರಿಯನ್ನೇ ಹಾಕಿದರೆ ಅದಕ್ಕೆ ನಾವೇ ಉಣ್ಣಲು ಇಟ್ಟಂತೆ. ಎರೆ ನೀರು ಹಿಡಿದು ನಿಂತರೆ ಬೇರಿಗೆ ಗಾಳಿ ಸಿಗುವುದಿಲ್ಲ, ಸೊರಗಿದ ಬೇರಿಗೆ ರೋಗ ಸುಲಭವಾಗಿ ಹೊಗುತ್ತದೆ.

"ಮಸಾರಿಗಿ ಯಾಕ ಬರಬೇಕ್ರಿ ಮೇಡಂ? ಅಲ್ಲಿ ನೀರು ನಿಲ್ಲಂಗಿಲ್ಲಲ್ಲ?"

"ಕೆಂಪು ಮರಳು ಮಣ್ಣಿನಲ್ಲಿ ಕೊಳೆತ ಗೊಬ್ಬರ ಕಡಿಮೆ. ಗೊಬ್ಬರ ಇದ್ದರೆ ಒಳ್ಳೆಯ ಬೂಷ್ಟೂ ಬೆಳೆದು ಕೆಟ್ಟದ್ದನ್ನು ಅಡಗಿಸುತ್ತದೆ. ಅದಿಲ್ಲದ ನೆಲ ಬಾಗಿಲಿಲ್ಲದ ಮನೆ. ಆದರೂ ರೋಗ ಎಲ್ಲಿಂದಲೋ ಬರಬೇಕಲ್ಲ? ನೀವು ಕೆಳಗಿನ ಹೊಲದಲ್ಲಿ ಒಣಗಿದ ಗಿಡ ಏನು ಮಾಡಿದಿರಿ?"

ಹೇಳಿದೆ. ಮೇಡಂ ಹಣೆಗೆ ಕೈ ಹಚ್ಚಿಕೊಂಡರು.

"ಬೇರು ಸಮೇತ, ಮಣ್ಣು ಸಮೇತ ಒಯ್ದು ಸುತ್ತಲೂ ನೆಟ್ಟಿರಾ? ರೋಗವನ್ನು ಕೈಯಾರೆ ನಾಟಿ ಮಾಡಿದ ಹಾಗಾಯಿತಲ್ಲ ಅಮ್ಮಾ! ಸುಡಬೇಕಿತ್ತು. ಎತ್ತಿನ ಗೊರಸಿಗೆ, ಕುಂಟೆಗೆ, ಮನುಷ್ಯರ ಕಾಲಿಗೆ ಅಂಟಿದ ಮಣ್ಣಿನಲ್ಲೂ ಅದು ಹೋಗುತ್ತದೆ. ರೋಗದ ಹೊಲದಿಂದ ಬಂದರೆ ಕಾಲು ತೊಳೆದುಕೊಂಡು ಇನ್ನೊಂದು ಹೊಲಕ್ಕೆ ಇಳಿಯಬೇಕು."

ನಾನು ಬದುವಿನ ಮೇಲೆ ಕೂತೆ. ಹೊಟ್ಟೆಯಲ್ಲಿ ಕೂಸನ್ನಿಟ್ಟುಕೊಂಡು, ತಲೆಯ ಮೇಲೆ ಹೊತ್ತು, ಆ ಮುದುಕಿ ನಿಂತು ಹೇಳಿಕೊಟ್ಟಂತೆ ಬೇರು ಕೆಳಗೆ ಮಾಡಿ ಸಾವನ್ನು ನೆಟ್ಟು ಬಂದಿದ್ದೆ. ಶಿಕ್ಷೆ ಕೊಟ್ಟವಳೂ ಆಕೆಯೇ, ಆ ಶಿಕ್ಷೆಯಿಂದಲೇ ನನ್ನ ಮೇಲೆ ಸಾಕ್ಷಿ ಬೆಳೆದುಕೊಂಡವಳೂ ಆಕೆಯೇ. ಅಂದು ಆಕೆ ನನ್ನ ಮುಂದೆ ಇದ್ದಿದ್ದರೆ ಏನು ಮಾಡುತ್ತಿದ್ದೆನೋ ತಿಳಿಯದು.

ಫೋನ್ ಮಾಡಿ ಗಂಡನನ್ನು ಶಹಾಪುರದ ಬಸ್ ನಿಲ್ದಾಣಕ್ಕೆ ಕರೆಸಿದೆ. ಎಲ್ಲವನ್ನೂ ಬಿಡಿಸಿ ಹೇಳಿದೆ. ಎರಡೂ ಹೊಲದ ಹಳೆ ಬೇರು ಆರಿಸಿ ಸುಡಬೇಕು. ಕೆಲವು ವರ್ಷ ತೊಗರಿ ಬಿಟ್ಟು ಜೋಳ ಹಾಕಬೇಕು. ಎರೆಯ ತಗ್ಗಿನಿಂದ ಹಳ್ಳಕ್ಕೆ ನೀರು ಬಸಿಯುವಂತೆ ಕಾಲುವೆ ತೋಡಬೇಕು. ಮಸಾರಿಗೆ ಚೆನ್ನಾಗಿ ಕೊಳೆತ ಗೊಬ್ಬರ, ಆಮೇಲೆ ರೋಗ ತಡೆಯುವ ಬೀಜ. ಅಣ್ಣನ ಹೊಲದಲ್ಲೂ ಇದೇ ಆಗಿದೆ, ನನ್ನ ಕಾಲಿನ ಗುಣವಲ್ಲ ಇದು, ಮಣ್ಣಿನದು ಎಂದೆ. ಅವನು ಚಹಾ ಆರುವವರೆಗೂ ಕೇಳಿದ.

"ನೀ ಹೇಳಿದಿ ಅಂದ್ರ ಅವ್ವ ಮಾಡಂಗಿಲ್ಲ. ಸಾಹೇಬ್ರು ಹೇಳ್ಯಾರ ಅಂತೀನಿ," ಅಂದ.

ಶಂಖದಿಂದ ಬಿದ್ದರೆ ತಾನೇ ತೀರ್ಥ? ಯಾರ ಹೆಸರಿನಲ್ಲಾದರೂ ಹೇಳು, ಗಿಡ ಬದುಕಲಿ ಎಂದೆ.

ಅವರು ಒಂದನ್ನೂ ಬಿಡದೆ ಮಾಡಿದರು. ಬೇರು ಸುಟ್ಟರು, ಕಾಲುವೆ ತೋಡಿದರು, ಎರಡೂ ಹೊಲಕ್ಕೆ ಜೋಳ ಹಾಕಿದರು. ನಾನು ತಿಂಥಣಿಯಲ್ಲಿ ಕೂತು ಅವರ ಜೋಳಕ್ಕಾಗಿ ಮಳೆ ಬೇಡುತ್ತಿದ್ದೆ. ಒಂದು ಸಲ ಗಂಡ ಮಗಳನ್ನು ಶಹಾಪುರಕ್ಕೆ ಕರೆತಂದ. ಅವಳು ಅಪ್ಪನ ಪಂಚೆಯ ಹಿಂದೆ ನಿಂತು ನನ್ನನ್ನು ನೋಡಿದಳು. ಬಾಳೆಹಣ್ಣು ಸುಲಿದು ಕೊಟ್ಟೆ. ಅಪ್ಪನ ಮುಖ ನೋಡಿ, ಅವನು ತಿನ್ನು ಅಂದ ಮೇಲೆ ತಿಂದಳು. ಬಸ್ಸು ಬಂದಾಗ ತಿರುಗಿ ನೋಡದೆ ಹತ್ತಿದಳು. ಮನೆಗೆ ಹೋಗಿ ಆ ವಿಷಯ ಬಾಯಿಬಿಟ್ಟಳಂತೆ, ಅತ್ತೆ ಮತ್ತೆ ಕಳಿಸಲಿಲ್ಲ. ಆಮೇಲೆ ಫೋನಿನಲ್ಲಿ ಮಾತಾಡಿಸಿದರೆ ಅವಳ ಉಸಿರು ಮಾತ್ರ ಕೇಳುತ್ತಿತ್ತು.

ಜೋಳದ ವರ್ಷಗಳು ಮುಗಿದು ಮತ್ತೆ ತೊಗರಿ ಹಾಕಿದರು. ಹೂವಿಗೆ ಬಂದಾಗ ನಾನು ಊಟ ಬಿಟ್ಟೆ. ದಿನವೂ ಗಂಡನಿಗೆ ಫೋನ್ ಮಾಡಿ ಒಂದೇ ಮಾತು ಕೇಳುತ್ತಿದ್ದೆ. ಕೊನೆಗೊಂದು ದಿನ ಅವನೇ ಮಾಡಿದ.

"ಕಾಯಿ ಗೊಂಚಲ ಗೊಂಚಲ ಹಿಡಿದಾವ. ಒಂದ ಗಿಡಾನೂ ಬಾಡಿಲ್ಲ."

"ಹಂಗಾರ ಕರ್ಕೊಂಡ ಹೋಗಾಕ ಯಾವಾಗ ಬರ್ತೀರಿ?"

"ನೋಡೂಣು. ಅವ್ವಗ ಕೇಳ್ತೀನಿ."

ಕೇಳಿ ಅವನು ಮುಗಿಸುವಷ್ಟರಲ್ಲಿ ನಾನು ಮುದುಕಿಯಾಗುತ್ತಿದ್ದೆ. ಮರುದಿನವೇ ಮಗಳಿಗೆ ಒಂದು ಹೊಸ ಲಂಗ ತೆಗೆದುಕೊಂಡು ಮೊದಲ ಬಸ್ಸು ಹತ್ತಿದೆ. ಊರು ಮುಟ್ಟಿದಾಗ ಮನೆಗೆ ಬೀಗ. ಹೊಲಕ್ಕೆ ಹೋಗಿದ್ದಾರೆ ಎಂದರು. ದಾರಿಯ ಬೋರಿಂಗಿನ ಹತ್ತಿರ ನಿಂತು ಕಾಲು ತೊಳೆದುಕೊಂಡೆ. ಹಿಮ್ಮಡಿ, ಬೆರಳ ಸಂದಿ, ಉಗುರು, ಎಲ್ಲವನ್ನೂ ಕಲ್ಲಿನಿಂದ ಉಜ್ಜಿ ತೊಳೆದೆ. ಚಪ್ಪಲಿಯನ್ನು ಅಲ್ಲೇ ಬಿಟ್ಟೆ.

ಮಸಾರಿಯ ತೊಗರಿ ನನ್ನ ತಲೆಗಿಂತ ಎತ್ತರ ನಿಂತಿತ್ತು. ಅದನ್ನು ನೋಡಿ ಕಣ್ಣಲ್ಲಿ ನೀರು ಬಂತು. ಒಂದೊಂದು ಗಿಡವೂ ನಾನೇ ಹೆತ್ತದ್ದು ಅನ್ನಿಸಿತು. ಬದುವು ಹತ್ತಿ ಒಂದು ಹೆಜ್ಜೆ ಒಳಗಿಟ್ಟೆ. ಸಾಲಿನ ನಡುವಿನಿಂದ ಮಗಳು ಬಂದಳು. ಎರಡು ಜಡೆ, ಮೂಗು ನನ್ನದೇ. ಬಂದವಳೇ ಎರಡೂ ಕೈ ಅಗಲಿಸಿ ಅಡ್ಡ ನಿಂತಳು.

"ಒಳಗ ಬರಬ್ಯಾಡ್ರಿ. ಆಯಿ ಬೈತಾಳ್ರಿ."

ನನ್ನ ಮಗಳು ನನಗೆ ಬಹುವಚನ ಹಚ್ಚಿದ್ದಳು. ಅವಳ ಹಿಂದೆ ಅವಳ ಆಯಿ, ನನ್ನ ಅತ್ತೆ, ಕಾಯಿ ತುಂಬಿದ ಉಡಿಯೊಂದಿಗೆ ಬಂದಳು. ಗಂಡ ದೂರದಲ್ಲಿ ಬಗ್ಗಿ ಏನನ್ನೋ ಹುಡುಕತೊಡಗಿದ.

"ನಾ ಯಾರು ಗೊತ್ತೇನ ಪುಟ್ಟಿ?" ಅಂದೆ.

"ಗೊತ್ತದ್ರಿ. ನಮ್ಮವ್ವ. ತೊಗರಿ ಒಣಗಸ್ತಾರಲ್ಲ, ಅವರು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಶಾಲೆಯಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಹೇಳಿದಂತೆ ಹೇಳಿದಳು. ನಾನು ಅತ್ತೆಯ ಕಡೆ ತಿರುಗಿದೆ.

"ಅತ್ತಿ, ಈ ತೊಗರಿ ಬಂದದ್ದು ಜೋಳ ಹಾಕಿದ್ದಕ್ಕ, ಬೇರು ಸುಟ್ಟಿದ್ದಕ್ಕ. ಅದನ್ನ ಹೇಳಿ ಕಳಿಸಿದಾಕಿ ನಾನ್ರಿ."

"ಗೊತ್ತದ," ಅಂದಳು. "ನನ್ನ ಮಗ ಎಲ್ಲಾ ಹೇಳ್ಯಾನ. ಬೇಲಿ ನಡಿಸಿದ್ದು ನನ್ನ ತಪ್ಪು ಅಂಬೂದೂ ಗೊತ್ತದ. ಮಣ್ಣು ಕಾಲಿಗಿ ಹತ್ತಿ ಬರ್ತದ ಅಂತ ಹೇಳಿದಾಕೀನೂ ನೀನೇ. ನಿಮ್ಮ ಅಣ್ಣನ ಹೊಲದಾಗ ಅದೇ ರೋಗ ಅದ ಅಂತ ಹೇಳಿದಾಕೀನೂ ನೀನೇ. ಈಗ ಎಲ್ಲಿಂದ ಬಂದಿ?"

"ಕಾಲು ತೊಳ್ಕೊಂಡ ಬಂದೀನ್ರಿ."

"ಇಲ್ಲೀಮಟ ಹಾರಿ ಬಂದೀ ಏನ? ಇಂಥಾ ಬೆಳಿ ಬರಾಕ ಇಷ್ಟು ವರ್ಷ ಕಾಯ್ದೀವಿ. ನಾ ಸೋತು ಹೇಳಾಕತ್ತೀನಿ, ಹೋಗವ್ವ."

ಅಷ್ಟು ವರ್ಷದಲ್ಲಿ ಆಕೆ ನನ್ನನ್ನು ಅವ್ವ ಎಂದದ್ದು ಅದೇ ಮೊದಲು. ನಾನೇ ಮೇಡಂ ಬೆನ್ನು ಹತ್ತಿ, ಕೇಳಿ, ಕಲಿತು, ಗಂಡನ ಕೈಯಲ್ಲಿ ಕಳಿಸಿದ ತಿಳಿವಳಿಕೆಯೇ ನನ್ನನ್ನು ಬದುವಿನ ಆಚೆಗೆ ನೂಕುತ್ತಿತ್ತು. ಮೊದಲಾದರೆ ಆಕೆಯದು ಮೂಢತನ ಎಂದು ಬೈಯಬಹುದಿತ್ತು. ಈಗ ಬೈಯಲು ಆ ಬೈಗುಳವೂ ಉಳಿದಿರಲಿಲ್ಲ. ಹಿಂದಕ್ಕೆ ಹೆಜ್ಜೆ ಇಟ್ಟು ದಾರಿಗೆ ಇಳಿದೆ. ಲಂಗದ ಪೊಟ್ಟಣ ಚಾಚಿದೆ. ಮಗಳು ಆಯಿಯ ಮುಖ ನೋಡಿ, ತೆಗೆದುಕೊಳ್ಳಲಿಲ್ಲ.

ಅವಳು ನಾನು ನಿಂತಿದ್ದ ಜಾಗಕ್ಕೆ ಬಂದು ಕುಕ್ಕರುಗಾಲಿನಲ್ಲಿ ಕೂತಳು. ನನ್ನ ಹೆಜ್ಜೆ ಬಿದ್ದಿದ್ದ ಮಣ್ಣನ್ನು ಎರಡೂ ಕೈಯಿಂದ ಬಾಚಿ ಬಾಚಿ ದಾರಿಗೆ ಎಸೆದಳು. ಒಂದು ಹೆಜ್ಜೆಯನ್ನೂ ಬಿಡಲಿಲ್ಲ, ಹಿಮ್ಮಡಿಯ ಗುರುತೊಂದು ಉಳಿದದ್ದನ್ನು ಹುಡುಕಿ ಅದನ್ನೂ ತೆಗೆದಳು. ಆಮೇಲೆ ಎದ್ದು ಅಂಗೈ ತೋರಿಸಿದಳು. ಆಯಿ ತಂಬಿಗೆಯಿಂದ ನೀರು ಹಾಕಿ ಅವಳ ಕೈ ತೊಳೆದಳು.